ಕೆರೆಗೆ ಬರುವ ಮುಂಚೆ ಇದನ್ನೊಮ್ಮೆ ಓದು

ಗೆಳೆಯಾ,

ಕೆರೆಯಂಗಳ ಬಿರುಕು ಬಿಟ್ಟಿದೆ, ಹೊಂಗೆ ಚಿಗುರಿದೆ, "ಶ್ರಮದಾನಕ್ಕೆ ಇನ್ನೂರು ಜನರನ್ನ ಕರೆತರ್ತೀನಿ, ದಿನ ಹೇಳು" ಅಂತ ನಿನ್ನ ಮೆಸೇಜೂ ಬಂದಿದೆ. ದಿನ ಹೇಳುತ್ತೇನೆ, ಮೊದಲು ಲೆಕ್ಕ ಕೇಳು. ಎಲ್ಲರಿಗೂ ಕಾಣುವಂತೆ ಬರೆಯುತ್ತಿರುವುದು ಬೇಕೆಂದೇ. ಈ ತಿಂಗಳು ಗುದ್ದಲಿ ಹಿಡಿದು ಕೆರೆಗಿಳಿಯುವವನು ನೀನೊಬ್ಬನೇ ಅಲ್ಲವಲ್ಲ.

ಒಂದು ಎಕರೆಯಲ್ಲಿ ಒಂದಡಿ ಹೂಳು ತೆಗೆದರೆ 43,560 ಘನ ಅಡಿ ಮಣ್ಣು. ನೂರು ಘನ ಅಡಿ ಹಿಡಿಯುವ ಟ್ರೇಲರಿಗೆ ಸುಮಾರು 436 ಲೋಡು. ಇನ್ನೂರು ಜನ ಅರ್ಧ ದಿನ ಬಾಂಡ್ಲಿ ದಾಟಿಸಿದರೆ ಅದರಲ್ಲಿ ಒಂದು ಮೂಲೆ ಮುಗಿದರೆ ಹೆಚ್ಚು. ಅಷ್ಟು ಮಣ್ಣು ಪೂರ್ತಿ ಹೋದರೆ ಸುಮಾರು 12.3 ಲಕ್ಷ ಲೀಟರ್ ನೀರಿಗೆ ಜಾಗ ಸಿಗುತ್ತದೆ ನಿಜ, ಆದರೆ ಆ ಕೆಲಸ ಯಂತ್ರದ್ದು. ಯಂತ್ರ ಇಳಿಸುವ ಮುಂಚೆ ನಾಲ್ಕೈದು ಕಡೆ ಗುಂಡಿ ತೋಡಿ ನೋಡಬೇಕು. ಮೇಲೆ ಕಪ್ಪು ಗೋಡು, ಅಂದರೆ ಹೂಳಿನ ಮಣ್ಣು, ಅದರಡಿ ಗಟ್ಟಿ ಜೇಡಿ. ಆ ಜೇಡಿಯೇ ಕೆರೆಯ ತಳ. ಅದನ್ನು ಸೀಳಿ ಕೆಳಗಿನ ಮೊರಂ (ಗರಸು ಮಣ್ಣು) ಮುಟ್ಟಿದರೆ ತುಂಬಿದ ನೀರು ನಿಲ್ಲುವುದಿಲ್ಲ. ತೂಬಿನ (ಕೆರೆಯ ನೀರನ್ನು ಗದ್ದೆ ಕಾಲುವೆಗೆ ಬಿಡುವ ಕಂಡಿಯ) ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯ ನೀರು ಕಾಲುವೆಗೆ ಹರಿಯುವುದೂ ಇಲ್ಲ, ದನಕರುಗಳಿಗೆ ಮತ್ತು ಅಂತರ್ಜಲಕ್ಕೆ ಅಷ್ಟೆ. ಏರಿಯ, ಅಂದರೆ ಕೆರೆಯ ಕಟ್ಟೆಯ, ಬುಡದಲ್ಲಂತೂ ಯಂತ್ರದ ಬಕೆಟ್ ಹಾಕಲೇಬಾರದು. ಎಂಜಿನಿಯರ್ ಕೈಲಿ ಸುಣ್ಣದ ಗೆರೆ ಎಳೆಸಿ, ಅದರಾಚೆಗೆ ಮಾತ್ರ ಅಗೆತ. ಗೋಡನ್ನು ಹೊಲಕ್ಕೆ ಹಾಕುವವರಿಗೂ ಒಂದು ಮಾತು: ಎಕರೆಗೆ ಒಂದಂಗುಲ ಹರಡಲು ಅದೇ ಟ್ರೇಲರಿನ 36 ಲೋಡು ಬೇಕು, ಉಪ್ಪಿನಂಶ ಪರೀಕ್ಷೆ ಮಾಡಿಸದೆ ಒಂದು ಲೋಡೂ ಬೇಡ.

ಹಾಗಾದರೆ ಕೈಗಳಿಗೆ ಕೆಲಸ ಎಲ್ಲಿ? ಕೆರೆಯ ಹೊರಗೆ. ನೀರು ಬರುವ ಕಾಲುವೆಯ ಉದ್ದಕ್ಕೂ ನಡೆಯಬೇಕು. ಎಲ್ಲೋ ಒಂದು ಕಡೆ ರಸ್ತೆ ದಾಟುವಾಗ ಮೋರಿಯ ಪೈಪನ್ನು ಕಾಲುವೆ ತಳಕ್ಕಿಂತ ಎತ್ತರಕ್ಕೆ ಕೂರಿಸಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಗಾರೆಯವರ ಲೆವೆಲ್ ಪೈಪಿನಲ್ಲಿ ನೀರು ತುಂಬಿಸಿ ಹಿಡಿದರೆ ಗೊತ್ತಾಗುತ್ತದೆ. ಅರ್ಧ ಅಡಿ ವ್ಯತ್ಯಾಸ ಸಾಕು, ಸಣ್ಣ ಮಳೆಯ ನೀರೆಲ್ಲ ಪಕ್ಕದ ಹೊಲಕ್ಕೆ. ಕಾಲುವೆ ಕೆರೆ ಸೇರುವ ಮುಂಚೆ ಮೂರಡಿ ಆಳದ ಗುಂಡಿ ತೋಡಿದರೆ ಮರಳು, ಕಸ ಅಲ್ಲೇ ಕೂರುತ್ತದೆ. ಅದನ್ನು ವರ್ಷವರ್ಷ ತೆಗೆಯುವುದಾದರೆ ಮಾತ್ರ ತೋಡು. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಬುಡದಿಂದ ನಾಲ್ಕಾಗಿ ಚಿಗುರುತ್ತದೆ. ಒಂದಡಿ ಆಳ ಬಿಡಿಸಿ ಗೆಡ್ಡೆಸಮೇತ ಕೀಳಬೇಕು. ಏರಿಯ ಮೇಲಿನ ಗಿಡ ಕಿತ್ತ ಗುಂಡಿಗೆ ಅರ್ಧರ್ಧ ಅಡಿ ಜೇಡಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಲೇಬೇಕು. ಇಲಿ ಬಿಲಕ್ಕೂ ಅಷ್ಟೆ. ಇನ್ನು ಕೋಡಿಗೆ (ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ಜಾಗಕ್ಕೆ) ಮರಳಿನ ಚೀಲ ಪೇರಿಸಿ ನೀರು ಹೆಚ್ಚಿಸೋಣ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಬಿಡಬೇಡ. ಕೋಡಿ ಎತ್ತರವಾದಷ್ಟೂ ಏರಿ ಗಿಡ್ಡವಾದಂತೆ.

ಈಗ ಟಿಟ್ಟಿಭ ಹಕ್ಕಿಯ ವಿಷಯ. ಮಾರ್ಚಿನಿಂದ ಅದು ಬಯಲಲ್ಲಿ ಮೊಟ್ಟೆ ಇಡುತ್ತದೆ, ಒಣಗಿದ ಕೆರೆಯಂಗಳವೆಂದರೆ ಬಲು ಇಷ್ಟ. ಗೂಡು ಅಂತ ಕಟ್ಟುವುದೇ ಇಲ್ಲ. ಅಂಗೈಯಗಲದ ತಗ್ಗು, ಸುತ್ತ ನಾಲ್ಕು ಹರಳು, ಒಳಗೆ ಚೂಪು ತುದಿ ನಡುವಿಗೆ ಮಾಡಿಟ್ಟ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಾಣುವುದಿಲ್ಲ. ಸುಮಾರು 28ರಿಂದ 30 ದಿನ ಕಾವು. ಬಿಸಿಲೇರಿದಾಗ ಹಕ್ಕಿ ಹೋಗಿ ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ತಲೆ ಮೇಲೆ ಅರಚುತ್ತ ಎರಗಿತೆಂದರೆ ಹತ್ತಿರದಲ್ಲೇ ಇದೆ ಅಂತ ಅರ್ಥ: ಬಂದ ಹೆಜ್ಜೆಯಲ್ಲೇ ಹಿಂದೆ ಸರಿ. ಗುರುತಿನ ಕೋಲನ್ನು ಮೊಟ್ಟೆ ಪಕ್ಕ ನೆಡಬಾರದು, ಕಾಗೆ, ನಾಯಿಗೆ ದಾರಿ ತೋರಿಸಿದಂತೆ. ಹತ್ತು ಹೆಜ್ಜೆ ದೂರ ನೆಟ್ಟು, ಆ ಭಾಗವನ್ನು ಮರಿ ಏಳುವವರೆಗೆ ಬಿಟ್ಟುಬಿಡಬೇಕು. ಕಡಿದ ಮಣ್ಣಿನ ಗೋಡೆಯಲ್ಲಿ ಕಳ್ಳಿಪೀರ ಹಕ್ಕಿಯ ಬಿಲವಿದ್ದರೂ ಅಷ್ಟೆ.

ಮಾರ್ಚ್ 20 ಗುಬ್ಬಚ್ಚಿ ದಿನ, 21 ಅರಣ್ಯ ದಿನ, 22 ಜಲ ದಿನ. ಮೂರೂ ಸಾಲಾಗಿ ಬರುತ್ತವೆ, ಮೊಟ್ಟೆಗಳ ಕಾಲದಲ್ಲೇ ಬರುತ್ತವೆ. ಇನ್ನೂರು ಜೊತೆ ಕಾಲು ಅದೇ ಅಂಗಳಕ್ಕೆ ಇಳಿಯುತ್ತವೆ. ಕೆರೆಗೆ ಜನ ಹೆಚ್ಚು ಬಂದಷ್ಟೂ ನನಗೆ ಸಂತೋಷವಾಗಬೇಕಿತ್ತು, ಈಚೆಗೆ ಭಯವಾಗುತ್ತದೆ ಕಣೋ. ವಿಜಯನಗರ ಕಾಲದ, ಆಂಧ್ರದ ಪೋರುಮಾಮಿಳ್ಳದ ಕೆರೆ ಶಾಸನ, 1369ರದ್ದು, ಕೆರೆಗೆ ಆರು ದೋಷ ಎಣಿಸುತ್ತದೆ. ಏರಿ ಜಿನುಗುವುದು ಒಂದು, ಉಪ್ಪು ಮಣ್ಣು ಒಂದು, ನೀರಿನ ಬರವು ಸಾಲದಿರುವುದು ಒಂದು. ಹೂಳಿನ ಹೆಸರು ಆ ಪಟ್ಟಿಯಲ್ಲಿ ಇಲ್ಲ. ನಾವು ಮಾತ್ರ ಹೂಳನ್ನೇ ಹಿಡಿದುಕೊಂಡಿದ್ದೇವೆ, ತೆಗೆದದ್ದು ಕಣ್ಣಿಗೆ ಕಾಣುತ್ತದೆ ಅಂತ. ಕಾಲುವೆ ಬಿಡಿಸಿದ್ದು ಯಾರಿಗೂ ಕಾಣುವುದಿಲ್ಲ. ಜುಲೈಯಲ್ಲಿ, ಸುರಿಯುವ ಮಳೆಯಲ್ಲಿ, ಮೋರಿಗೆ ಅಡ್ಡ ಬಿದ್ದ ಕೊಂಬೆ ಎಳೆಯಲು ಇಬ್ಬರು ಸಿಕ್ಕರೆ ಪುಣ್ಯ. ದಿನ ಹೇಳದೆ ತಡ ಮಾಡುತ್ತಿರುವುದು ಅದಕ್ಕೇ. ನೀನು ಆ ಇನ್ನೂರರಲ್ಲಿ ಒಬ್ಬನಾಗಿಬಿಟ್ಟರೆ ಅಂತ. ಆ ಇಬ್ಬರಲ್ಲಿ ಒಬ್ಬ ನೀನಾಗಬೇಕು ಅಂತ ನನಗೆ ಆಸೆ.

ಇಷ್ಟೆಲ್ಲ ಹೇಳುವ ಯೋಚನೆ ಇರಲಿಲ್ಲ, ಬಿಡು. ಇನ್ನೂರರ ಬದಲು ಇಪ್ಪತ್ತು ಜನ ಸಾಕು. ಐದು ಪಿಕಾಸಿ, ಎಂಟು ಗುದ್ದಲಿ, ಹತ್ತು ಬಾಂಡ್ಲಿ, ಮೂವತ್ತು ಮೀಟರ್ ಲೆವೆಲ್ ಪೈಪು. ಹಾರೆಯನ್ನು ದಯವಿಟ್ಟು ನೀನು ಹೊರಬೇಡ, ಏಣಿಯ ಕಥೆ ಇಬ್ಬರಿಗೂ ನೆನಪಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ರಸ್ತೆ ಮೋರಿಯ ಹತ್ತಿರ ಇರು. ಆರೂವರೆ ಅಂದರೆ ನಿನ್ನ ಆರೂವರೆ ಅಲ್ಲ, ಗಡಿಯಾರದ್ದು.

ನಿನ್ನ,
ತೂಬಿನ ಕಡೆಯವನು