ಅಲ್ಲೇ ನಿಲ್ಲು ಅಂದಿದ್ದೆ

ಪುಟ್ಟೀ,

ನೀನು ಕನ್ನಡ ಓದುವುದು ನಿಧಾನ ಅಂತ ಗೊತ್ತು. ಇಂಗ್ಲಿಷಿನಲ್ಲಿ ಶುರು ಮಾಡಿ ಎರಡೇ ಸಾಲಿಗೆ ಬಿಟ್ಟೆ. ಅವತ್ತು ಕೂಗಿದ್ದು ಕನ್ನಡದಲ್ಲಿ, ಕ್ಷಮೆಯನ್ನೂ ಅದರಲ್ಲೇ ಕೇಳುತ್ತೇನೆ.

ಭಾನುವಾರ ಊಟಕ್ಕೆ ಕೂತಾಗ ಆದ ಜಗಳ ಇಬ್ಬರಿಗೂ ನೆನಪಿದೆ, ಅದು ಬೇಡ. ಹತ್ತು ವರ್ಷದ ಹುಡುಗಿಯರಿಗೆ ಲ್ಯಾಕ್ರೋಸ್ ಕೋಚ್ ಆಗುತ್ತೇನೆ ಅಂದೆ. ಹೆಮ್ಮೆಯಾಯಿತು. ಹೆಮ್ಮೆಯಾದರೆ ನಾನು ಉಪದೇಶ ಶುರು ಮಾಡುತ್ತೇನೆ, ಅದು ನಿನ್ನ ತಾತನಿಂದ ಬಂದ ಕಾಯಿಲೆ. ನೀನು ತಟ್ಟೆ ಬಿಟ್ಟು ಏಳುವಾಗ ಹೇಳಿದ ಮಾತು ಮಾತ್ರ ಐದು ದಿನದಿಂದ ತಲೆಯಿಂದ ಇಳಿದಿಲ್ಲ. "ನಂಗೆ ರೂಲ್ ಗೊತ್ತಿತ್ತು ಅಪ್ಪ. ನೀನು ಹೇಳಿದೆ ಅಂತ ನಿಂತೆ."

ಗೊತ್ತಿತ್ತಾ? ಹನ್ನೊಂದು ವರ್ಷಕ್ಕೇ?

ಆ ವರ್ಷ ಕೋಚ್ ಸಿಗದಿದ್ದರೆ ನಿಮ್ಮ ಟೀಮೇ ಇಲ್ಲ ಅಂದಿದ್ದರು. ನಾನು ಕೈ ಎತ್ತಿದೆ. ಹಾಸನದಲ್ಲಿ ಕಾಲೇಜಿಗೆ ಹಾಕಿ ಆಡಿದವನು, ಇದೂ ಕೋಲು-ಚೆಂಡು ತಾನೇ, ಕೋಲಿನ ತುದಿಗೆ ಚೆಂಡು ಹಿಡಿಯುವ ಬಲೆ ಇದೆ ಅಷ್ಟೇ ಅಂದುಕೊಂಡೆ. ಮೇರಿಲ್ಯಾಂಡಿಗೆ ಬಂದು ಅಷ್ಟು ವರ್ಷವಾದರೂ ಇದು ಈ ರಾಜ್ಯದ್ದೇ ಆಟ ಅಂತ ಗೊತ್ತಿರಲಿಲ್ಲ. ರಾತ್ರಿ ಕೂತು ವಿಡಿಯೊ ನೋಡಿ ಕಲಿತೆ. ಅದರಲ್ಲಿ ಅರ್ಧ ಹುಡುಗರ ಆಟದ್ದು. ಅವರಿಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್, ಮೈಗೆ ಮೈ ಗುದ್ದಬಹುದು. ಹುಡುಗಿಯರಿಗೆ ಗಾಗಲ್ಸ್, ಹಲ್ಲಿಗೆ ಗಾರ್ಡ್, ಅಷ್ಟೇ. ಎರಡೂ ಬೇರೆ ಬೇರೆ ಆಟ ಅಂತ ತಿಳಿಯುವಷ್ಟರಲ್ಲಿ ಏಪ್ರಿಲ್ ಬಂದಿತ್ತು.

ಆ ಶನಿವಾರ ಹುಲ್ಲು ಒದ್ದೆ. ಎದುರು ಟೀಮಿನ ಎತ್ತರದ ಹುಡುಗಿ ಓಡಿ ಬರುತ್ತಿದ್ದಳು. ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಕೊಟ್ಟಾಗ ಚೆಂಡು ತಡೆಯಲು ನಾನು ಗೋಲ್ ಕಂಬದ ಪಕ್ಕ ನಿಲ್ಲುತ್ತಿದ್ದವನು. ಅದೇ ಬುದ್ಧಿ. "ಅಲ್ಲೇ ನಿಲ್ಲು! ಅಲ್ಲಾಡಬೇಡ!" ಅಂತ ಗೆರೆಯಾಚೆಯಿಂದ ಕೂಗಿದೆ. ನೀನು ನಿಂತೆ. ರೆಫರಿ ಸೀಟಿ ಊದಿದರು. ಶೂಟಿಂಗ್ ಸ್ಪೇಸ್. ಗುರಿ ಇಡುವವಳಿಗೂ ಗೋಲಿಗೂ ನಡುವೆ ದೂರ ನಿಂತು ಮೈ ಅಡ್ಡ ಇಡುವ ಹಾಗಿಲ್ಲ. ನಾನು ರೆಫರಿ ಜೊತೆ ವಾದಕ್ಕಿಳಿದೆ! ನೀನು ನನ್ನ ಕಡೆ ನೋಡಿದೆ. ನಿನಗೆ ಅರ್ಥವಾಗಿಲ್ಲ ಅಂದುಕೊಂಡು ಮತ್ತೆ ಕೂಗಿದೆ. ಮತ್ತೆ ನಿಂತೆ. ಆ ಸಲ ಸೀಟಿಗಿಂತ ಮುಂಚೆ ಚೆಂಡು ಬಂತು. ಗಟ್ಟಿ ರಬ್ಬರ್, ಹತ್ತಿರ ಹತ್ತಿರ 150 ಗ್ರಾಂ. ಎಡತೋಳಿಗೆ ಬಡಿದ ಸದ್ದು ನನಗೆ ಕೇಳಿಸಿತು.

ಕಾರಿನಲ್ಲಿ ನೀನು ಮಾತಾಡಲಿಲ್ಲ. ಸೋತ ಬೇಜಾರು ಅಂದುಕೊಂಡೆ. ರಾತ್ರಿ ಅಮ್ಮ ಐಸ್ ಇಡುವಾಗ ನೋಡಿದೆ, ಚೆಂಡಿನಷ್ಟೇ ದುಂಡಗೆ ನೀಲಿ. ಅಂಚು ಕಡುನೀಲಿ, ನಡುವೆ ಬೆಳ್ಳಗೆ. ಆಮೇಲೆ ನಿಯಮದ ಪುಸ್ತಕ ಓದಿ ನನ್ನ ತಪ್ಪು ಗೊತ್ತಾಯಿತು. ಹೇಳಲಿಲ್ಲ. ನಿನಗೆ ಗೊತ್ತಿಲ್ಲ ಅಂತ ಧೈರ್ಯವಾಗಿದ್ದೆ, ಎಂಟು ವರ್ಷ. ಗೊತ್ತಿಲ್ಲದೆ ನಿಂತಿದ್ದೆ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಗೊತ್ತಿದ್ದೂ ನಿಂತೆಯಲ್ಲೇ. ಎರಡನೇ ಸಲ ನಿಲ್ಲುವ ಮುಂಚೆ ನನ್ನ ಕಡೆ ನೋಡಿದೆಯಲ್ಲ, ಆ ನೋಟ ನಾನು ಏನಂತ ಓದಬೇಕಿತ್ತು?

ತಪ್ಪಾಯಿತು ಪುಟ್ಟಿ.

ಇನ್ನು ಸ್ವಲ್ಪ ಕೇಳು. ಸ್ವಲ್ಪವೇ. ಮೊದಲ ವಾರವೇ ಅವರಿಗೆ ತಡೆಯುವುದು ಹೇಗೆ ಅಂತ ತೋರಿಸು: ದೂರ ನಿಂತು ದಾರಿಗೆ ಅಡ್ಡ ಬರುವುದಲ್ಲ, ಒಂದು ಕೋಲಿನಳತೆ ಹತ್ತಿರ ಹೋಗಿ, ಪಕ್ಕದಿಂದ ಒತ್ತಿ ಹೊರಗೆ ತಿರುಗಿಸುವುದು. ಗೋಲಿನ ಮುಂದಿನ ಎಂಟು ಮೀಟರ್ ಗೆರೆಯೊಳಗೆ ಯಾರನ್ನೂ ಕಾಯದೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಂತರೂ ಸೀಟಿ, ಅದನ್ನು ಆಟದ ಥರ ಎಣಿಸಿ ಕಲಿಸು. ನೆಲದ ಚೆಂಡಿಗೆ ಸೊಂಟ ಬಗ್ಗಿಸುತ್ತಾರೆ, ಮಂಡಿ ಬಗ್ಗಿಸಬೇಕು. ಗೋಡೆಗೆ ಎಸೆದು ಹಿಡಿಯುವುದು ಎರಡೂ ಕೈಯಲ್ಲಿ ಆಗಲಿ. ನೀನು ನಮ್ಮ ಗ್ಯಾರೇಜ್ ಗೋಡೆ ಹಾಳು ಮಾಡಿದ್ದು ಬಲಗೈಯಲ್ಲಿ ಮಾತ್ರ, ಅದಕ್ಕೇ ಎಡಗಡೆ ಇವತ್ತಿಗೂ ತಡವರಿಸುತ್ತೀಯ. ನೋಡು, ಮತ್ತೆ ಶುರುವಾಯಿತು ನನ್ನದು.

2028ರ ಒಲಿಂಪಿಕ್ಸಿಗೆ ಈ ಆಟ ಬರುತ್ತದೆ ಅಂತ ಮಕ್ಕಳಿಗೆ ನೀನು ಹೇಗೂ ಹೇಳುತ್ತೀಯ. ಇದು ಇಲ್ಲಿನ ಮೂಲನಿವಾಸಿಗಳಾದ ಹೌಡೆನೊಶೋನಿ ಜನರ ಆಟ, ಅವರಿಗೆ ಇದು ಮದ್ದು ಅಂತ ಹತ್ತನೇ ಕ್ಲಾಸಿನಲ್ಲಿ ನನಗೆ ಪಾಠ ಮಾಡಿದ್ದೆಯಲ್ಲ, ಅದನ್ನೂ ಹೇಳು. ನನ್ನ ತಲೆಗೆ ಹೋಗಿದ್ದು ಆಗಲೇ.

ಗೆರೆಯಾಚೆ ಯಾವುದಾದರೂ ಅಪ್ಪ ಕೂಗುತ್ತಾನೆ. ಖಂಡಿತ. ಅವನ ಮಗಳು ಅವನ ಕಡೆ ನೋಡಿದರೆ ನೀನು ಅವಳ ಕಡೆ ನೋಡು. ಅವನನ್ನು ಆಮೇಲೆ ವಿಚಾರಿಸಿಕೊಳ್ಳುವೆಯಂತೆ.

ನಿನ್ನ ಹಳೇ ಕೋಲನ್ನೂ ಬ್ಯಾಗಿನಲ್ಲಿಟ್ಟಿದ್ದೇನೆ. ಬಲೆ ಜೋತುಬಿದ್ದಿತ್ತು, ದಾರ ಬಿಗಿ ಮಾಡಿದೆ. ಬಲೆಯಲ್ಲಿ ಚೆಂಡು ಇಟ್ಟರೆ ಅದರ ತಲೆ ಕೋಲಿನ ಅಂಚಿಗಿಂತ ಮೇಲೆ ಕಾಣುತ್ತಿದೆ, ರೆಫರಿ ಏನೂ ಅನ್ನುವ ಹಾಗಿಲ್ಲ. ಈ ಸಲ ಪುಸ್ತಕ ನೋಡಿಯೇ ಮಾಡಿದ್ದು.

ಶನಿವಾರ ಎಷ್ಟು ಗಂಟೆಗೆ ಪ್ರಾಕ್ಟೀಸ್? ಬರಲ್ಲ. ಸುಮ್ನೆ ಕೇಳಿದೆ.

ಅಪ್ಪ