ಲಿಚೆಟ್‌ನಲ್ಲಿ ಪರೀಕ್ಷಿಸದ ಗೋಂದು ತಳಪದರಕ್ಕೆ ಬೇಡ

ಮಾನ್ಯ ಸಂಪಾದಕರೇ,

ಕಸದಿಂದ ಬಸಿಯುವ ಕೊಳಕು ದ್ರವ, ಅಂದರೆ ಲಿಚೆಟ್, ನೆಲಕ್ಕಿಳಿಯದಂತೆ ಕಸದ ಭೂಭರ್ತಿ ಘಟಕಗಳ ತಳಕ್ಕೆ ಹಾಸುವ ಜೇಡಿಮಣ್ಣನ್ನು ಗೋಂದಿನಂತಹ ನೈಸರ್ಗಿಕ ಬಯೋಪಾಲಿಮರ್‌ಗಳಿಂದ ಸುಧಾರಿಸುವ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಬರಹ ಸಕಾಲಿಕವಾಗಿದೆ. ಆದರೆ ಬಾಳಿಕೆಯ ಪ್ರಶ್ನೆಯನ್ನು ಅದು ಒಂದೇ ವಾಕ್ಯದಲ್ಲಿ ಮುಗಿಸಿರುವುದರಿಂದ ಈ ಪತ್ರ ಬರೆಯಬೇಕಾಯಿತು.

ಇಂತಹ ಪದರದ ಪಾರಗಮ್ಯತೆ, ಅಂದರೆ ಅದರ ಮೂಲಕ ನೀರು ಹಾಯುವ ವೇಗ, ಸೆಕೆಂಡಿಗೆ ಒಂದು ಸೆಂ.ಮೀ.ನ ಕೋಟಿಯಲ್ಲೊಂದು ಪಾಲನ್ನು, ಅಂದರೆ ವರ್ಷಕ್ಕೆ ಸುಮಾರು 3 ಸೆಂ.ಮೀ.ಯನ್ನು, ಮೀರಬಾರದೆಂಬುದು ಹಲವು ದೇಶಗಳು ಒಪ್ಪಿರುವ ಮಾನದಂಡ. ಸಿಕ್ಕ ಮಣ್ಣು ಈ ಮಟ್ಟಕ್ಕೆ ಬಾರದಿದ್ದರೆ ನೀರು ಹೀರಿ ಉಬ್ಬುವ ಜೇಡಿಮಣ್ಣಾದ ಬೆಂಟೋನೈಟ್ ಬೆರೆಸುವುದು ರೂಢಿ. ಶುದ್ಧ ನೀರಿನಲ್ಲಿ ಚೆನ್ನಾಗಿ ಉಬ್ಬುವ ಸೋಡಿಯಂ ಬೆಂಟೋನೈಟ್, ಲಿಚೆಟ್‌ನಲ್ಲಿರುವ ಕ್ಯಾಲ್ಸಿಯಂ ಬಂದು ಸೋಡಿಯಂನ ಜಾಗ ಹಿಡಿಯುತ್ತಿದ್ದಂತೆ ಆ ಗುಣವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಗೋಂದುಗಳತ್ತ ಸಂಶೋಧಕರ ಗಮನ ಹರಿಯಲು ಇದೂ ಒಂದು ಕಾರಣ. ಕ್ಸಾಂಥಾನ್ ಗಮ್ ಅಥವಾ ಗೋರಿಕಾಯಿ ಬೀಜದ ಗ್ವಾರ್ ಗಮ್ ಎಂಬ ಗೋಂದನ್ನು ಒಣ ಮಣ್ಣಿನ ತೂಕದ ಶೇ 0.5ರಿಂದ 2ರಷ್ಟು ಬೆರೆಸಿದರೂ ಅದು ನೀರು ಹೀರಿ ಲೋಳೆಯಾಗಿ ರಂಧ್ರಗಳನ್ನು ತುಂಬುತ್ತದೆ, ಕಣಗಳನ್ನು ಹಿಡಿದಿಡುತ್ತದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್ ಸೀಸ, ತಾಮ್ರದಂತಹ ಲೋಹಗಳನ್ನೂ ಹಿಡಿದುಕೊಳ್ಳಬಲ್ಲದು.

ಇಷ್ಟೆಲ್ಲ ನಿಜವೇ. ಆದರೆ ಕ್ಸಾಂಥಾನ್ ಗಮ್ ಎಂಬುದು ಒಂದು ಬ್ಯಾಕ್ಟೀರಿಯಾ ಹೆಣೆದ ಸಕ್ಕರೆಯ ಸರಪಳಿ. ಅದನ್ನು ತಿಂದು ಬದುಕಬಲ್ಲ ಬೇರೆ ಸೂಕ್ಷ್ಮಜೀವಿಗಳೂ ಇವೆ, ಮತ್ತು ಲಿಚೆಟ್‌ನಲ್ಲಿ ಸೂಕ್ಷ್ಮಜೀವಿಗಳಿಗೇನೂ ಬರವಿಲ್ಲ. ಕಸ ಕೊಳೆಯುವ ಆರಂಭದ ಹಂತದಲ್ಲಿ ಲಿಚೆಟ್ ಆಮ್ಲೀಯವಾಗಿರುತ್ತದೆ. ಕೈಟೋಸಾನ್ ಕರಗುವುದೂ ದುರ್ಬಲ ಆಮ್ಲದಲ್ಲಿಯೇ. ದಶಕಗಳ ಕಾಲ ಸೋರದೆ ನಿಲ್ಲಬೇಕಾದ ಪದರದ ಯೋಗ್ಯತೆಯನ್ನು, ಶುದ್ಧ ನೀರು ಹಾಯಿಸಿ ಕೆಲವೇ ವಾರಗಳಲ್ಲಿ ಮುಗಿಸಿದ ಪರೀಕ್ಷೆಯಿಂದ ನಿರ್ಧರಿಸುವುದು ನನ್ನ ದೃಷ್ಟಿಯಲ್ಲಿ ದುಡುಕು.

ಕಾಮಗಾರಿಯ ತೊಡಕುಗಳೂ ಸಣ್ಣವಲ್ಲ. ಒದ್ದೆ ಮಣ್ಣಿನ ಮೇಲೆ ಗೋಂದಿನ ಪುಡಿ ಉದುರಿಸಿದರೆ ಗಂಟುಗಳಾಗುತ್ತವೆ. ಒಂದನ್ನು ಕೊಯ್ದು ನೋಡಿದರೆ ಹೊರಗೆ ಲೋಳೆ, ಒಳಗೆ ಇನ್ನೂ ಒಣ ಪುಡಿ. ಆದ್ದರಿಂದ ಒಣ ಮಣ್ಣಿನಲ್ಲೇ ಬೆರೆಸಿ ನಂತರ ನೀರು ಹಾಕುವುದು ಮೇಲು. ಗೋಂದು ಸೇರಿದ ಮಣ್ಣು ಅದುಮಿ ಗಟ್ಟಿಮಾಡುವಾಗ ಸಾಮಾನ್ಯವಾಗಿ ಹೆಚ್ಚು ನೀರು ಬೇಡುತ್ತದೆ, ಒಣ ಸಾಂದ್ರತೆಯೂ ತಗ್ಗುತ್ತದೆ. ಹೀಗಾಗಿ ಬರೀ ಮಣ್ಣಿಗೆ ತೆಗೆದ ಅಂಕಿಗಳನ್ನು ನಂಬಿ ರೋಲರ್ ಓಡಿಸುವಂತಿಲ್ಲ.

ಹಾಗೆಂದು ಗೋಂದನ್ನೇ ಕೈಬಿಡಬೇಕೆಂದು ನನ್ನ ವಾದವಲ್ಲ. ದಿನದ ಕಸದ ಮೇಲೆ ಹರಡುವ ಮಣ್ಣಿನಲ್ಲಿ ಮೊದಲು ಬಳಸಿ ನೋಡಲಿ; ಅಲ್ಲಿ ಕೆಟ್ಟರೆ ಸರಿಪಡಿಸಬಹುದು, ತಳ ಕೆಟ್ಟರೆ ಅಗೆದು ತೆಗೆಯುವುದು ಅಸಾಧ್ಯಕ್ಕೆ ಸಮ. ತಳಪದರಕ್ಕೆ ಅನುಮತಿ ಕೇಳುವವರು ನಿಜವಾದ ಲಿಚೆಟ್ ಹಾಯಿಸಿ ದೀರ್ಘಕಾಲ ನಡೆಸಿದ ಪರೀಕ್ಷೆಯ ಫಲಿತಾಂಶವನ್ನೂ, ಸ್ಥಳದಲ್ಲೇ ಹಾಸಿದ ಪ್ರಾಯೋಗಿಕ ಪದರದ ಇಂಗುವಿಕೆಯ ಅಳತೆಯನ್ನೂ ಒದಗಿಸಲಿ. ಅಲ್ಲಿಯವರೆಗೆ ಗೋಂದಿನ ಹೆಸರಿನಲ್ಲಿ ಪದರದ ದಪ್ಪ ಇಳಿಸಲು ಅಥವಾ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಕೈಬಿಡಲು ಅವಕಾಶ ಕೊಡಬಾರದು.

ಇತಿ ತಮ್ಮ ವಿಶ್ವಾಸಿ,
ಓರ್ವ ಸಿವಿಲ್ ಎಂಜಿನಿಯರ್