ಮರೆವಿನವರ ಮಂಕಿಗೆ ಮಾತ್ರೆ: ಮನೆಯವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 21ರ ವಿಶ್ವ ಅಲ್ಝೈಮರ್ ದಿನ ಬಂತೆಂದರೆ ಪತ್ರಿಕೆಗಳಲ್ಲಿ ಮರೆವಿನ ಕಾಯಿಲೆಯ ಲೇಖನಗಳು ಬರುತ್ತವೆ. ಹೆಸರು ಮರೆಯುವುದು, ದಾರಿ ತಪ್ಪುವುದು, ಇವೆಲ್ಲ ಅಲ್ಲಿರುತ್ತವೆ. ಆದರೆ ನೋಡಿಕೊಳ್ಳುವವರನ್ನು ಕಂಗೆಡಿಸುವ ಇನ್ನೊಂದು ವಿಷಯ ಬರುವುದು ಕಡಿಮೆ. ಹಿರಿಯರು ಇದ್ದಕ್ಕಿದ್ದಂತೆ ಮಂಕಾಗಿಬಿಡುತ್ತಾರೆ. ಊಟ ಬೇಡ, ಮಾತು ಬೇಡ, ಕೇಳಿದರೆ ಅಳು. ಆಗ ಯಾರಾದರೂ ಒಬ್ಬರು 'ಡಿಪ್ರೆಶನ್ ಇರಬೇಕು, ಮಾತ್ರೆ ಶುರು ಮಾಡಿಸಿ' ಅನ್ನುತ್ತಾರೆ. ಮಾಡಿಸಬೇಕಾ ಬೇಡವಾ ಅನ್ನುವ ತೀರ್ಮಾನ ಕೊನೆಗೆ ಮನೆಯ ಸೊಸೆಯ ಮೇಲೋ ಮಗಳ ಮೇಲೋ ಬೀಳುತ್ತದೆ. ನಾನೂ ಅಂಥ ಒಬ್ಬ ಸೊಸೆ.

ನಮ್ಮ ಅತ್ತೆಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ. ಅವರೆಕಾಯಿ ಕಾಲದಲ್ಲಿ ಮೊರ ಮುಂದಿಟ್ಟರೆ ಸಾಕು, ಬಿಡಿಸುತ್ತಾ ಕೂರುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಕಾಯಿ ಕೈಗೆ ತೆಗೆದುಕೊಳ್ಳುವುದು, ಅದನ್ನೇ ನೋಡುವುದು, ವಾಪಸ್ ಮೊರಕ್ಕೆ ಹಾಕುವುದು, ಇಷ್ಟೇ. ಸಂಜೆಯಾದರೆ ಅಳು. ಬೆಂಗಳೂರಿನಲ್ಲಿರುವ ಮೈದುನ ಫೋನಿನಲ್ಲಿ 'ಮಾತ್ರೆ ಹಾಕಿಸಿಬಿಡಿ ಅತ್ತಿಗೆ' ಅಂದರು. ನಾದಿನಿ 'ತಲೆ ಮಾತ್ರೆ ಅಭ್ಯಾಸ ಆಗುತ್ತೆ, ಬೇಡವೇ ಬೇಡ' ಅಂದರು. ಇಬ್ಬರದೂ ಅಕ್ಕರೆಯ ಮಾತೇ.

ನಮ್ಮ ಪುಣ್ಯಕ್ಕೆ ಸಿಕ್ಕ ವೈದ್ಯರು ಚೀಟಿ ಬರೆಯುವ ಮೊದಲು ನನ್ನನ್ನೇ ಬೇರೆಯಾಗಿ ಕೂರಿಸಿ ಕೇಳಿದರು. ಅಳುತ್ತಾರಾ, ಸುಮ್ನೆ ಕೂತಿರುತ್ತಾರಾ? 'ಸತ್ತರೆ ಸಾಕು' ಅನ್ನುತ್ತಾರಾ? ಮೊಮ್ಮಗು ಬಂದರೆ ನಗುತ್ತಾರಾ? ಡಿಮೆನ್ಶಿಯಾದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ನೋಡುವುದಕ್ಕೆ ಒಂದೇ ಥರ ಕಾಣುತ್ತವಂತೆ. ಖಿನ್ನತೆಯಲ್ಲಿ ಮನುಷ್ಯ ಒಳಗೆ ನೊಂದಿರುತ್ತಾನೆ. ಇನ್ನೊಂದರಲ್ಲಿ ಆಸಕ್ತಿಯೇ ಬತ್ತಿಹೋಗಿರುತ್ತದೆ, ನೋವೇನೂ ಇರುವುದಿಲ್ಲ. ಈ ಎರಡನೆಯದಕ್ಕೆ ಖಿನ್ನತೆಯ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಕೆಲವರಲ್ಲಿ ಆ ತೊಂದರೆಯನ್ನೇ ಜಾಸ್ತಿ ಮಾಡುವುದೂ ಉಂಟು. ವ್ಯತ್ಯಾಸ ಗೊತ್ತಾಗುವುದು ದಿನವಿಡೀ ಜೊತೆಗಿರುವವರಿಗೆ. ಡಿಮೆನ್ಶಿಯಾ ಇದ್ದವರ ಖಿನ್ನತೆ ಅಳೆಯಲು ವೈದ್ಯರು ಬಳಸುವ ಕಾರ್ನೆಲ್ ಪಟ್ಟಿಯಲ್ಲೂ ನೋಡಿಕೊಳ್ಳುವವರನ್ನು ಕೇಳಿಯೇ ಅಂಕ ಹಾಕುತ್ತಾರೆ.

ಆಮೇಲೆ ಥೈರಾಯ್ಡ್, ಬಿ12, ಸೋಡಿಯಂ ಪರೀಕ್ಷೆ ಮಾಡಿಸಿದರು. ಮಂಡಿ ನೋವು, ಮಲಬದ್ಧತೆ, ಉರಿಮೂತ್ರ ಎಲ್ಲ ಕೇಳಿದರು. ಕಿವಿ ನೋಡಿದರೆ ಎರಡರಲ್ಲೂ ಗುಗ್ಗೆ ಗಟ್ಟಿಕಟ್ಟಿತ್ತು! ಅದನ್ನು ತೆಗೆಸಿ, ಮಂಡಿ ನೋವಿಗೆ ಔಷಧಿ ಕೊಟ್ಟು, ಬೆಳಗಿನ ಬಿಸಿಲಲ್ಲಿ ನಡೆಸುತ್ತಾ ಬಂದ ಮೇಲೆ ಅತ್ತೆ ಮತ್ತೆ ಮಾತಿಗೆ ಸಿಕ್ಕರು. ಸಂಜೆಯ ಅಳು ಮಾತ್ರ ಹೋಗಲಿಲ್ಲ. ಅದಕ್ಕೆ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆಯನ್ನು ಸಣ್ಣ ಡೋಸಿನಲ್ಲಿ ಶುರು ಮಾಡಿದರು. ಇಂಥ ದಿನ ಬಂದು ತೋರಿಸಿ, ಉಪಯೋಗ ಕಾಣದಿದ್ದರೆ ನಿಧಾನವಾಗಿ ನಿಲ್ಲಿಸೋಣ ಎಂದು ಚೀಟಿಯಲ್ಲೇ ಬರೆದರು. ಅತ್ತೆಗೆ ಸ್ವಲ್ಪ ಗುಣ ಕಂಡಿದೆ. ಮಾತ್ರೆಯಿಂದಲೋ ಉಳಿದದ್ದರಿಂದಲೋ ಹೇಳಲಾರೆ.

ಹೇಳಲಾರೆ ಎನ್ನುವುದಕ್ಕೆ ಕಾರಣ ಇದೆ. ಇಂಗ್ಲೆಂಡಿನಲ್ಲಿ ಡಿಮೆನ್ಶಿಯಾ ಜೊತೆ ಖಿನ್ನತೆಯೂ ಇದ್ದ 326 ಜನರ ಮೇಲೆ ನಡೆದ ಪ್ರಯೋಗವೊಂದು 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವರಿಗೆ ಸರ್ಟ್ರಾಲಿನ್, ಕೆಲವರಿಗೆ ಮಿರ್ಟಾಜಪಿನ್ ಎಂಬ ಇನ್ನೊಂದು ಖಿನ್ನತೆಯ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. 13 ವಾರಗಳ ನಂತರ ಮೂರೂ ಗುಂಪಿನವರು ಸುಧಾರಿಸಿದ್ದರು, ಹೆಚ್ಚುಕಮ್ಮಿ ಒಂದೇ ಸಮ. ಅಡ್ಡಪರಿಣಾಮ ಮಾತ್ರ ಔಷಧಿ ತಗೊಂಡವರಲ್ಲಿ ಜಾಸ್ತಿ. ಹಾಗಂತ ಮಾತ್ರೆ ಯಾರಿಗೂ ಬೇಡ ಅನ್ನುವಂತಿಲ್ಲ. ಪ್ರಾಣ ಕಳೆದುಕೊಳ್ಳುವ ಅಪಾಯ ಇದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಊಟ ಬಿಟ್ಟವರು, ಸಾಯುವ ಮಾತಾಡುವವರು, ಮೊದಲೂ ಖಿನ್ನತೆ ಬಂದು ಮಾತ್ರೆಯಿಂದ ಗುಣವಾದವರು, ಇವರ ವಿಷಯದಲ್ಲಿ ತಡಮಾಡದೆ ಮನೋವೈದ್ಯರನ್ನು ಕಾಣಬೇಕು.

ಅಡ್ಡಪರಿಣಾಮ ಅಂದರೆ ಸಣ್ಣಪುಟ್ಟದ್ದಲ್ಲ. ಸರ್ಟ್ರಾಲಿನ್ ಥರದ ಮಾತ್ರೆಗಳಿಂದ ವಯಸ್ಸಾದವರ ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿಯಬಹುದು. ಆಗ ಗೊಂದಲ, ತೂಕಡಿಕೆ ಶುರುವಾದರೆ ಮನೆಯವರು ಕಾಯಿಲೆಯೇ ಜೋರಾಯಿತು ಅಂದುಕೊಳ್ಳುತ್ತಾರೆ. ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತಗೊಳ್ಳುವವರಿಗೆ ಈ ಭಯ ಇನ್ನೂ ಹೆಚ್ಚು. ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವೂ ಇದೆ. ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆಯ ಹಳೇ ಮಾತ್ರೆಯನ್ನಂತೂ 'ಚೆನ್ನಾಗಿ ನಿದ್ದೆ ಬರುತ್ತೆ' ಎಂದು ಕೊಡುತ್ತಾರೆ. ಅದು ಮರೆವನ್ನೇ ಹೆಚ್ಚಿಸಬಲ್ಲದು, ಮೂತ್ರ ಕಟ್ಟಿಸಬಲ್ಲದು. ನಮ್ಮ ಬೀದಿಯ ಅಜ್ಜ ಒಬ್ಬರಿಗೆ ಹಾಗೇ ಆಗಿ ರಾತ್ರೋರಾತ್ರಿ ನಳಿಕೆ ಹಾಕಿಸಬೇಕಾಯಿತು. ಆ ಮಾತ್ರೆಯನ್ನು ಮೆಡಿಕಲ್ ಶಾಪ್‌ನಲ್ಲಿ ಹಳೇ ಚೀಟಿ ತೋರಿಸಿ ತಂದಿದ್ದರಂತೆ.

ನಾದಿನಿಯ ಭಯದ ಬಗ್ಗೆಯೂ ಒಂದು ಮಾತು. ಖಿನ್ನತೆಯ ಮಾತ್ರೆಗಳು ಕೆಲವು ನಿದ್ದೆ ಮಾತ್ರೆಗಳ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ಒಂದೇ ಸಲ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಆಗಬಹುದು. ಇದನ್ನು ಯಾರೂ ಹೇಳದೇ ಇರುವುದರಿಂದ ಎರಡು ವಾರ ಕೊಟ್ಟು 'ಏನೂ ಉಪಯೋಗ ಇಲ್ಲ' ಎಂದು ಬಿಸಾಡುವವರಿದ್ದಾರೆ. ಉಪಯೋಗ ಗೊತ್ತಾಗುವುದಕ್ಕೇ ನಾಲ್ಕಾರು ವಾರ ಬೇಕು. ಇನ್ನು ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ಅದೇ ಚೀಟಿ ನಡೆಯುತ್ತಿರುತ್ತದೆ, ಯಾತಕ್ಕೆ ಶುರುವಾಯಿತೆಂದೇ ಯಾರಿಗೂ ನೆನಪಿಲ್ಲ.

ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಎಲ್ಲರೂ ನಿಮ್ಹಾನ್ಸ್‌ಗೆ ಹೋಗುವುದು ಆಗದ ಮಾತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ತೊಂದರೆಗಳಿಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂಬ ಒಳ್ಳೆಯ ವ್ಯವಸ್ಥೆಯನ್ನು ಸರ್ಕಾರ ಮಾಡಿದೆ. ಅಲ್ಲಿ ಹಿರಿಯರ ಜೊತೆ ಬಂದವರನ್ನು ಬೇರೆಯಾಗಿ ಕೂರಿಸಿ ಹತ್ತು ನಿಮಿಷ ಮಾತಾಡಿಸುವ ಪದ್ಧತಿ ಬರಲಿ. ಅಪ್ಪ ಅಮ್ಮನ ಎದುರೇ 'ಇವರು ಸಾಯಬೇಕು ಅಂತಾರೆ' ಎಂದು ಹೇಳುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ಚೀಟಿಯಲ್ಲಿ ಮಾತ್ರೆಯ ಹೆಸರಿನ ಜೊತೆ ಯಾತಕ್ಕೆ ಕೊಟ್ಟಿದ್ದು, ಯಾವಾಗ ಮತ್ತೆ ನೋಡುವುದು ಎಂಬುದನ್ನೂ ಕನ್ನಡದಲ್ಲಿ ಬರೆದುಕೊಡಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ನೋಡಿಕೊಳ್ಳುವವರೂ ಕರೆ ಮಾಡಬಹುದು ಎಂಬುದನ್ನು ಆಸ್ಪತ್ರೆ ಗೋಡೆಯ ಮೇಲೆ ದೊಡ್ಡದಾಗಿ ಹಾಕಲಿ.

ತಮ್ಮ ಆರೋಗ್ಯ ಪುಟದಲ್ಲಿ ಅನುಭವಿ ಮನೋವೈದ್ಯರಿಂದ ಈ ಬಗ್ಗೆ ಬರೆಸಬೇಕೆಂದು ಕೋರುತ್ತೇನೆ. ಮಾತ್ರೆ ಶುರು ಮಾಡುವುದರ ಜೊತೆಗೆ ಅದನ್ನು ಯಾವಾಗ, ಹೇಗೆ ನಿಲ್ಲಿಸಬೇಕು ಎಂಬುದನ್ನೂ ಅವರು ಬಿಡಿಸಿ ಹೇಳಲಿ.

ಇಂತಿ,
ತಮ್ಮ ಓದುಗರಲ್ಲೊಬ್ಬಳು, ಹಾಸನ